ಹಳೆಯ ಜೀಪು, ಕಲ್ಲು ದಾರಿ ಮತ್ತು ನಿಮ್ಮ ಬೆನ್ನು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ರಜೆ ಮುಗಿದ ಮರುದಿನ ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೇ 62 ವರ್ಷದ ತಾಯಿಯೊಬ್ಬರು ಮಗನ ತೋಳು ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದರು. "ಸೊಂಟ ಉಳುಕಿದೆ ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಬಿಡಿ, ಮನೇಲಿ ಕೆಲಸ ಬೇಕಾದಷ್ಟಿದೆ" ಎಂದರು. ಮಗ ತಲೆ ತಗ್ಗಿಸಿದ್ದ. ಅವನು ಆ ವರ್ಷ ತೋಟವೊಂದರಲ್ಲಿ ಮೂಲೆ ಸೇರಿದ್ದ 1960ರ ದಶಕದ ಜೀಪನ್ನು ಕೊಂಡು, ಎಂಜಿನ್ ಬಿಚ್ಚಿಸಿ, ಬಣ್ಣ ಹೊಡೆಸಿ, ಹೊಸ ಹುಡ್ ಹಾಕಿಸಿದ್ದ. ಹಬ್ಬದ ಮರುದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಟ್ಟದ ಕಲ್ಲು ದಾರಿಯಲ್ಲಿ ಹೋಗಿದ್ದಾಗ, ಒಂದು ಕೊರಕಲಿನಲ್ಲಿ ಹಿಂದಿನ ಗಾಲಿ ಧಡ್ ಎಂದು ಇಳಿದಿತ್ತು. ಹಿಂದಿನ ಬೆಂಚಿನಲ್ಲಿದ್ದ ತಾಯಿ ಮೇಲಕ್ಕೆ ಹಾರಿ ಅದೇ ಬೆಂಚಿನ ಮೇಲೆ ಕುಕ್ಕರಿಸಿ ಬಿದ್ದಿದ್ದರು. ಎಲ್ಲರೂ ನಕ್ಕಿದ್ದರು. ಅವರೂ ನಕ್ಕಿದ್ದರಂತೆ.

ನಾನು ಕಾಲಿನ ಶಕ್ತಿ ನೋಡಿದೆ, ಸರಿಯಿತ್ತು. ನೋವಿನ ಮಾತ್ರೆ, ಹಚ್ಚಲು ಮುಲಾಮು ಬರೆದು, ಒಂದು ವಾರ ವಿಶ್ರಾಂತಿ ಎಂದೆ. ಹನ್ನೆರಡು ದಿನ ಕಳೆದು ಅವರು ಮತ್ತೆ ಬಂದರು. ಈ ನಡುವೆ ಯಾರೋ ಎಣ್ಣೆ ಹಚ್ಚಿ ಬೆನ್ನನ್ನು ಚೆನ್ನಾಗಿ ಒತ್ತಿ ತಿಕ್ಕಿದ್ದರು. ಹಂಡೆಗೆ ನೀರು ತುಂಬಿಸುವ ಕೆಲಸವನ್ನೂ ಅವರು ಬಿಟ್ಟಿರಲಿಲ್ಲ. ಮಲಗಿದಲ್ಲಿ ಮಗ್ಗುಲು ಬದಲಿಸಲು ಆಗುತ್ತಿಲ್ಲ ಎಂದಾಗ ನನಗೆ ಎಚ್ಚರವಾಯಿತು. ಬೆನ್ನುಮೂಳೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಇಳಿದೆ. ಸೊಂಟ ಆರಂಭವಾಗುವ ಒಂದೇ ಒಂದು ಬಿಂದುವಿನಲ್ಲಿ ಅವರು ಚೀರಿದರು. ಎಕ್ಸ್‌ರೇಯಲ್ಲಿ ಸೊಂಟದ ಮೊದಲನೆಯ ಕಶೇರುಕ ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರ ಪಡೆದಿತ್ತು. ಅದು ಉಳುಕಲ್ಲ, ಮೂಳೆ ಮುರಿತ. ಬೆರಳಿನಿಂದ ತಟ್ಟಿ ನೋಡುವ ಆ ಅರ್ಧ ನಿಮಿಷವನ್ನು ಮೊದಲ ದಿನವೇ ಕೊಟ್ಟಿದ್ದರೆ ಹನ್ನೆರಡು ದಿನದ ನೋವು ಉಳಿಯುತ್ತಿತ್ತು. ಕ್ಯೂ ಉದ್ದವಿತ್ತು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ಈ ವಾರ ಜೀಪಿನ ಬಗ್ಗೆ ಬರೆಯಲು ಇದೇ ಕಾರಣ. ಜೀಪು ಕೆಟ್ಟದ್ದು ಎಂದು ಹೇಳಲು ನಾನು ಹೊರಟಿಲ್ಲ. ಮಲೆನಾಡಿನಲ್ಲಿ ವೈದ್ಯನಾದವನು ಜೀಪನ್ನು ಬೈಯುವಂತಿಲ್ಲ. ಮಳೆಗಾಲದ ಎಷ್ಟೋ ರಾತ್ರಿಗಳಲ್ಲಿ ಹೆರಿಗೆ ನೋವಿನವರನ್ನು, ಹಾವು ಕಚ್ಚಿದವರನ್ನು ನಮ್ಮಲ್ಲಿಗೆ ತಂದು ಮುಟ್ಟಿಸಿದ್ದು ಅದೇ ವಾಹನ. ಆದರೆ ಈಚೆಗೆ ಹಳೆಯ ಜೀಪುಗಳನ್ನು ಹುಡುಕಿ ತಂದು ಸಜ್ಜುಗೊಳಿಸಿ, ಭಾನುವಾರಗಳಲ್ಲಿ ಗುಂಪುಗೂಡಿ ಹಳ್ಳ, ಕೆಸರು, ಕಡಿದಾದ ತೋಟದ ದಾರಿಗಳಲ್ಲಿ ಓಡಿಸುವ ಹವ್ಯಾಸ ನಗರದವರಲ್ಲೂ ಬೆಳೆದಿದೆ. ಹವ್ಯಾಸವಿಲ್ಲದವರೂ ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೋ ಬಾಡಿಗೆ ಜೀಪು ಹತ್ತಿ ಹೋಗಿರುತ್ತಾರೆ. ಹೋದವರಿಗೆ ಆ ದಾರಿಯ ನೆನಪು ಮೈಯಲ್ಲೇ ಉಳಿದಿರುತ್ತದೆ.

ಯುದ್ಧಕ್ಕೆಂದು ಹುಟ್ಟಿದ ಗಾಡಿ

ಜೀಪಿನ ಮೂಲವನ್ನು ಸ್ವಲ್ಪ ತಿಳಿದರೆ ಅದು ಮೈಗೆ ಏನು ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇದನ್ನು ಲಕ್ಷಗಟ್ಟಲೆ ತಯಾರಿಸಿದವು. ನಮ್ಮಲ್ಲಿ 1947ರಿಂದ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. ಎಲ್ಲಿ ಬೇಕಾದರೂ ಹೋಗಬೇಕು, ಕೆಟ್ಟರೆ ಅಲ್ಲೇ ರಿಪೇರಿಯಾಗಬೇಕು ಎಂಬುದು ಅದರ ಗುರಿ. ಕೂತವರ ಸುಖ ಲೆಕ್ಕದಲ್ಲಿರಲಿಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕೇವಲ 80 ಅಂಗುಲ. ನಾಲ್ಕೂ ಕಡೆ ಗಟ್ಟಿಯಾದ ಲೀಫ್ ಸ್ಪ್ರಿಂಗ್. ಪವರ್ ಸ್ಟೀರಿಂಗ್ ಇಲ್ಲ, ಸೀಟ್ ಬೆಲ್ಟ್ ಇಲ್ಲ, ತಲೆಯ ಮೇಲೆ ಕ್ಯಾನ್ವಾಸ್ ಬಟ್ಟೆ. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಕುಳಿತ ಸೀಟಿನ ಕೆಳಗೇ. ಬೀಡಿ ಸೇದುತ್ತ ಜೀಪು ಓಡಿಸುವವರು ಈ ಒಂದು ವಾಕ್ಯವನ್ನು ಎರಡು ಸಲ ಓದಬೇಕು.

ಆ ಯುದ್ಧಕಾಲದ ಒಂದು ಕಾಯಿಲೆಗೆ ಜೀಪಿನ ಹೆಸರೇ ಬಂದಿತ್ತು. ಪೃಷ್ಠಗಳ ನಡುವಿನ ಸೀಳಿನಲ್ಲಿ, ಬಾಲಮೂಳೆಯ ಹತ್ತಿರ ಕೂದಲು ಚರ್ಮದೊಳಗೆ ಹೊಕ್ಕು, ಕೀವು ತುಂಬಿ, ಸಣ್ಣ ರಂಧ್ರವಾಗಿ ಸೋರುವ ತೊಂದರೆಯನ್ನು ಪೈಲೋನಿಡಲ್ ಸೈನಸ್ ಎನ್ನುತ್ತೇವೆ. ಯುದ್ಧದ ವರ್ಷಗಳಲ್ಲಿ ಅಮೆರಿಕದ ಸುಮಾರು 80 ಸಾವಿರ ಸೈನಿಕರು ಇದಕ್ಕಾಗಿ ಆಸ್ಪತ್ರೆ ಸೇರಿದರು. ಮೇಯೊ ಕ್ಲಿನಿಕ್ಕಿನ ವೈದ್ಯ ಲೂಯಿ ಬ್ಯೂಯಿ 1944ರಲ್ಲಿ ಇದನ್ನು 'ಜೀಪ್ ಕಾಯಿಲೆ' ಎಂದು ಕರೆದರು. ಜೀಪು ಹತ್ತದವರಿಗೂ ಇದು ಬರುತ್ತದೆ. ಮೈಯಲ್ಲಿ ಹೆಚ್ಚು ಕೂದಲಿರುವ, ಗಂಟೆಗಟ್ಟಲೆ ಕುಳಿತು ಕೆಲಸ ಮಾಡುವ ಯುವಕರಲ್ಲಿ ಹೆಚ್ಚು. ಆದರೆ ಬೆವರು, ಧೂಳು, ಉಜ್ಜಾಟ, ಕುಲುಕಾಟ ಒಟ್ಟಿಗೆ ಸೇರಿದರೆ ತೊಂದರೆ ಕೆರಳುತ್ತದೆ. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು, ಕೀವು ತುಂಬಿ ಕೂರಲಾಗದೆ ಬರುವ ಹುಡುಗರನ್ನು ನಾನು ಕಂಡಿದ್ದೇನೆ. ಆ ಜಾಗದಲ್ಲಿ ಗಂಟು, ನೋವು, ಒದ್ದೆ ಕಂಡರೆ ಕೂಡಲೇ ತೋರಿಸಿ.

ಬೆನ್ನೇ ಸ್ಪ್ರಿಂಗ್ ಆದಾಗ

ಗಾಡಿಯ ಸ್ಪ್ರಿಂಗ್ ನುಂಗದ ಏಟನ್ನು ಕೂತವರ ಬೆನ್ನು ನುಂಗಬೇಕಾಗುತ್ತದೆ. ನಮ್ಮ ಬೆನ್ನಿನ ಕಶೇರುಕಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ನಡೆಯುವಾಗ ಪಾದ, ಮಂಡಿ, ತೊಡೆ ಏಟಿನ ಬಹುಭಾಗವನ್ನು ತಾವೇ ತಡೆದು ಉಳಿದದ್ದನ್ನು ಮಾತ್ರ ಬೆನ್ನಿಗೆ ಕಳಿಸುತ್ತವೆ. ಕುಳಿತಾಗ ಈ ಕಾವಲುಗಾರರೆಲ್ಲ ರಜೆಯಲ್ಲಿರುತ್ತಾರೆ. ಸೀಟಿನ ಏಟು ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ.

ಇದರ ಮೇಲೆ ಇನ್ನೊಂದು ವಿಚಿತ್ರವಿದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳಿಗೂ ಅದು ಎತ್ತರಕ್ಕೆ ಹೋಗುತ್ತದಲ್ಲವೇ? ಹಾಗೆಯೇ ಕುಳಿತ ಮನುಷ್ಯನ ಮುಂಡಕ್ಕೆ ತನ್ನದೇ ಒಂದು ತಾಳವಿದೆ. ಸೆಕೆಂಡಿಗೆ ಸುಮಾರು ನಾಲ್ಕರಿಂದ ಆರು ಸಲ ಮೇಲೆ ಕೆಳಗೆ ಕುಲುಕಿದರೆ ಬೆನ್ನು ಆ ಕುಲುಕಾಟವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿಕೊಳ್ಳುತ್ತದೆ. ಒರಟು ದಾರಿಯಲ್ಲಿ ಓಡುವ ಜೀಪು, ಟ್ರ್ಯಾಕ್ಟರ್, ಲಾರಿಗಳ ಅದುರಾಟ ಬಹುಮಟ್ಟಿಗೆ ಈ ಆಸುಪಾಸಿನಲ್ಲೇ ಇರುತ್ತದೆ. ವರ್ಷಾನುಗಟ್ಟಲೆ ಅವನ್ನು ಓಡಿಸಿದವರಲ್ಲಿ ಸೊಂಟನೋವು ಹೆಚ್ಚಾಗಿರುವುದು ಇದರಿಂದಲೇ. ನಿಮ್ಮ ತೋಟದ ಡ್ರೈವರ್ ಸಂಜೆ ಇಳಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತರೆ ಅದು ಸೋಮಾರಿತನವಲ್ಲ.

ಜೀಪಿನಲ್ಲಿ ಅತ್ಯಂತ ಕೆಟ್ಟ ಜಾಗ ಹಿಂದಿನ ಅಡ್ಡ ಬೆಂಚು. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತ ಅನುಭವ ಎಲ್ಲರಿಗೂ ಇದೆ. ಜೀಪಿನ ಬೆಂಚಿರುವುದು ಹಿಂದಿನ ಗಾಲಿಯ ನೆತ್ತಿಯ ಮೇಲೆ. ಅಡ್ಡಲಾಗಿ ಕೂತವರಿಗೆ ಮುಂದೆ ಬರುವ ಗುಂಡಿ ಕಾಣುವುದಿಲ್ಲ, ಆದ್ದರಿಂದ ಸ್ನಾಯುಗಳು ಬಿಗಿಯಾಗಿ ಸಿದ್ಧವಾಗಲು ಸಮಯ ಸಿಗುವುದಿಲ್ಲ. ಮೈ ಒಂದು ಕಡೆ ತಿರುಚಿಕೊಂಡಿರುತ್ತದೆ. ತಿರುಚಿದ ಬೆನ್ನಿನ ಮೇಲೆ ಏಟು ಬಿದ್ದರೆ ಡಿಸ್ಕ್‌ಗೆ ಅಪಾಯ ಹೆಚ್ಚು. ವಿಪರ್ಯಾಸವೆಂದರೆ ನಮ್ಮ ಮನೆಗಳಲ್ಲಿ ಮುಂದಿನ ಸೀಟು ಅಪ್ಪನಿಗೋ ಅಳಿಯನಿಗೋ ಮೀಸಲು. ಅಜ್ಜಿ, ಅತ್ತಿಗೆ, ಮಕ್ಕಳು ಹಿಂದೆ. ಕಲ್ಲು ದಾರಿಗೆ ಇಳಿಯುವ ಮುನ್ನ ಈ ಕ್ರಮವನ್ನು ತಿರುಗಿಸಿ. ವಯಸ್ಸಾದವರು ಮುಂದೆ, ಗಟ್ಟಿಮುಟ್ಟಾದ ಅಳಿಯ ಹಿಂದೆ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಗಳಲ್ಲಿ ಸುಣ್ಣದ ಅಂಶ ಬೇಗ ಬೇಗ ಕರಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮೊದಲ ಸೂಚನೆಯೇ ಮುರಿತವಾಗಿರಬಹುದು. ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದ ಉಬ್ಬಸದ ರೋಗಿಗಳು, ಸಂಧಿವಾತದವರು ಗಂಡಸರಾದರೂ ಇದೇ ಗುಂಪಿಗೆ ಸೇರುತ್ತಾರೆ. ಇಂಥವರು ಒರಟು ದಾರಿಯ ಮೋಜಿನ ಸವಾರಿಯನ್ನು ಬಿಡುವುದೇ ಮೇಲು. ಹೋಗಲೇಬೇಕಾದರೆ ಮುಂದಿನ ಸೀಟು, ನಡಿಗೆಯ ವೇಗ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ ಎಂಬುದು ಮುದ್ದೆ ಉಣ್ಣುವ ನಮಗೆ ಸಮಾಧಾನದ ಸಂಗತಿ, ಆದರೆ ರಾಗಿಯೊಂದನ್ನೇ ನಂಬಿ ಮೂಳೆಯ ಪರೀಕ್ಷೆ ತಪ್ಪಿಸಬೇಡಿ.

ಗರ್ಭಿಣಿಯರ ಬಗ್ಗೆ ಬಹಳ ಜನ ಕೇಳುತ್ತಾರೆ. ನಿಧಾನವಾಗಿ ಹೋಗುವ ಜೀಪಿನಲ್ಲಿ ಆಸ್ಪತ್ರೆಗೆ ಬರುವುದರಲ್ಲಿ ತಪ್ಪಿಲ್ಲ, ಬೇರೆ ದಾರಿಯೂ ಇರುವುದಿಲ್ಲ. ಆದರೆ ದಿನ ತುಂಬುತ್ತಿರುವವರು ವಿಹಾರಕ್ಕೆಂದು ಕೊರಕಲು ದಾರಿ ಹಿಡಿಯಬಾರದು. ಜೋರಾದ ಏಟು ಬಿದ್ದರೆ ಮಾಸು ಗರ್ಭಕೋಶದಿಂದ ಹೆರಿಗೆಗೆ ಮೊದಲೇ ಬಿಡಿಸಿಕೊಳ್ಳಬಹುದು. ಅದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಕುಲುಕಿದ ಮೇಲೆ ಹೊಟ್ಟೆನೋವು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕತ್ತು ನಿಲ್ಲದ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟ ಹತ್ತುವುದೂ ಬೇಡ. ಮೂತ್ರಪಿಂಡದ ಕಲ್ಲು ಉದುರುತ್ತದೆ ಎಂದು ಜೀಪು ಹತ್ತುವವರೂ ಇದ್ದಾರೆ. ಆ ಚಿಕಿತ್ಸೆಯನ್ನು ನಾನು ಬರೆದುಕೊಡುವುದಿಲ್ಲ.

ಕೂರುವ ಕ್ರಮ ಸರಳ. ಬೆನ್ನು ಸೀಟಿಗೆ ಒರಗಿರಲಿ, ಪಾದಗಳು ನೆಲಕ್ಕೆ ಊರಿರಲಿ, ಒಂದು ಕೈ ಗಾಡಿಯೊಳಗಿನ ಹಿಡಿಯ ಮೇಲಿರಲಿ. ಮೆತ್ತಗಿನ ದಿಂಬು ಮೊದಲ ಗುಂಡಿಗೇ ಚಪ್ಪಟೆಯಾಗುತ್ತದೆ, ಗಟ್ಟಿ ಫೋಮ್ ಒಳ್ಳೆಯದು. ದೊಡ್ಡ ಕೊರಕಲು ಬಂದಾಗ ಡ್ರೈವರ್ ನಿಲ್ಲಿಸಿ ಎಲ್ಲರನ್ನೂ ಇಳಿಸಿ, ಖಾಲಿ ಗಾಡಿ ದಾಟಿಸುವುದು ನಾಚಿಕೆಯ ವಿಷಯವಲ್ಲ. ನಾನು ಕಂಡ ಅತ್ಯಂತ ನುರಿತ ಡ್ರೈವರುಗಳು ಹಾಗೆಯೇ ಮಾಡುತ್ತಾರೆ. ಕಲ್ಲು ದಾರಿಗೆ ಇಳಿಯುವ ಮುನ್ನ ಟೈರಿನ ಗಾಳಿ ಸ್ವಲ್ಪ ಇಳಿಸಿ, ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಿಕೊಳ್ಳುವ ಅಭ್ಯಾಸವೂ ಅವರಲ್ಲಿದೆ. ಅದರಿಂದ ಗಾಡಿಗೆ ಹಿಡಿತ ಸಿಗುತ್ತದೆ, ಕೂತವರ ಬೆನ್ನಿಗೂ ಉಪಕಾರ. ಇನ್ನೊಂದು ಮಾತು. ಎರಡು ಗಂಟೆ ಕುಲುಕಿಸಿಕೊಂಡು ಇಳಿದ ತಕ್ಷಣ ನೀರಿನ ಕ್ಯಾನ್ ಎತ್ತಬೇಡಿ, ಹೂತ ಗಾಡಿಗೆ ಹೆಗಲು ಕೊಡಬೇಡಿ. ಅದುರಾಟದಿಂದ ದಣಿದ ಬೆನ್ನಿನ ಸ್ನಾಯುಗಳು ಆಗ ಸರಿಯಾದ ಆಸರೆ ಕೊಡುವುದಿಲ್ಲ. ಐದು ಹತ್ತು ನಿಮಿಷ ಅಡ್ಡಾಡಿ, ಆಮೇಲೆ ಭಾರಕ್ಕೆ ಕೈ ಹಾಕಿ.

ಹೆಬ್ಬೆರಳಿನ ಪಾಠ

ಇನ್ನು ಓಡಿಸುವವರ ವಿಷಯ. ಕಾರಿನಲ್ಲಿ ನಾವು ಸ್ಟೀರಿಂಗ್ ಚಕ್ರವನ್ನು ಹೆಬ್ಬೆರಳು ಒಳಗೆ ಸುತ್ತಿ ಹಿಡಿಯುತ್ತೇವೆ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಜೀಪಿನಲ್ಲಿ ಮುಂದಿನ ಗಾಲಿ ಬಂಡೆಗೆ ತಾಗಿದರೆ ಚಕ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಗಿರ್ರನೆ ತಿರುಗುತ್ತದೆ. ಒಳಗಿರುವ ಹೆಬ್ಬೆರಳಿಗೆ ಚಕ್ರದ ಕಡ್ಡಿ ಬಡಿಯುತ್ತದೆ. ಬೆರಳಿನ ಬುಡದ ಕಟ್ಟು ಹರಿಯಬಹುದು, ಮೂಳೆ ಮುರಿಯಬಹುದು. ಒರಟು ದಾರಿಯಲ್ಲಿ ಹೆಬ್ಬೆರಳು ಚಕ್ರದ ಅಂಚಿನ ಮೇಲೆ, ಹೊರಗಡೆ ಇರಬೇಕು.

ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವ ಗೀಳು ಇದ್ದವರಿಗೆ ಇದೇ ಮಾತು ಇನ್ನೂ ಹೆಚ್ಚು ಅನ್ವಯ. ಮಣಿಕಟ್ಟಿನ ಹೆಬ್ಬೆರಳ ಬದಿಯ ಮೂಳೆ ತುದಿ ಮುರಿಯುವುದಕ್ಕೆ ವೈದ್ಯಶಾಸ್ತ್ರದಲ್ಲಿ 'ಷೋಫರ್ ಮುರಿತ', ಅಂದರೆ ಡ್ರೈವರನ ಮುರಿತ ಎಂಬ ಹೆಸರೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರಿನ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡ ಡ್ರೈವರುಗಳಿಂದ ಬಂದ ಹೆಸರು ಅದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು.

ಮಣಿಕಟ್ಟಿಗೆ ಏಟು ಬಿದ್ದ ಮೇಲೆ ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ನೋಡಿ. ಅದರ ಬುಡದಲ್ಲಿ ಒಂದು ಸಣ್ಣ ತಗ್ಗು ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಿದ್ದಲ್ಲಿ ದೋಣಿಯಾಕಾರದ ಪುಟ್ಟ ಮೂಳೆ ಸೀಳಿರುವ ಸಂಭವವಿದೆ. ಈ ಮೂಳೆ ಕಪಟಿ. ಮೊದಲ ಎಕ್ಸ್‌ರೇಯಲ್ಲಿ ಸೀಳು ಕಾಣದೇ ಹೋಗಬಹುದು. ಹತ್ತು ಹದಿನಾಲ್ಕು ದಿನ ಪಟ್ಟಿ ಕಟ್ಟಿ ಮತ್ತೆ ಎಕ್ಸ್‌ರೇ ತೆಗೆಯಬೇಕು. ಅದಕ್ಕೆ ರಕ್ತ ಪೂರೈಕೆ ಒಂದು ತುದಿಯಿಂದ ಮಾತ್ರ ಬರುವುದರಿಂದ, ಗಮನಿಸದೆ ಬಿಟ್ಟರೆ ಇನ್ನೊಂದು ತುದಿ ಸತ್ತೇ ಹೋಗಬಹುದು. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು, ಒಂದು ವರ್ಷದ ಮೇಲೆ ತಂಬಿಗೆ ಎತ್ತಲಾರೆ ಎಂದು ಬಂದ ಯುವಕನಿಗೆ ನಾನು ಹೇಳಬಹುದಾದದ್ದು ಹೆಚ್ಚೇನೂ ಇರಲಿಲ್ಲ.

ಹೊಗೆಯ ಬಗ್ಗೆಯೂ ಎಚ್ಚರ ಬೇಕು. ಹಳೆಯ ಪೆಟ್ರೋಲ್ ಎಂಜಿನ್, ತೂತು ಬಿದ್ದ ಸೈಲೆನ್ಸರ್, ಮಳೆಗೆಂದು ಸುತ್ತಲೂ ಇಳಿಬಿಟ್ಟ ಪರದೆ, ಇಷ್ಟಿದ್ದರೆ ಗಾಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ಘಾಟಿ ರಸ್ತೆಯ ತಲೆಸುತ್ತು ಎಂದುಕೊಂಡು ನಿಂಬೆಹಣ್ಣು ಮೂಸುತ್ತೇವೆ. ಒಬ್ಬರಿಗಲ್ಲ, ಕೂತ ಮೂರು ನಾಲ್ಕು ಜನಕ್ಕೂ ಒಟ್ಟಿಗೆ ತಲೆನೋವು ಬಂದರೆ ಅನುಮಾನಿಸಿ. ಎಂಜಿನ್ ಆರಿಸಿ, ಎಲ್ಲರೂ ಹೊರಗೆ ಗಾಳಿಗೆ ಬನ್ನಿ. ಚಳಿಗೆಂದು ಎಂಜಿನ್ ಚಾಲೂ ಇಟ್ಟು ಒಳಗೆ ನಿದ್ದೆ ಮಾಡುವುದು ಬೇಡವೇ ಬೇಡ.

ಕೆಸರಿನಲ್ಲಿ ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಕಿತ್ತುಬಂದ ಕೊಕ್ಕೆ ಗುಂಡಿನಂತೆ ಹಾರುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಲಿ. ನವೆಂಬರಿನಿಂದ ಮೇವರೆಗೆ ಶಿವಮೊಗ್ಗ ಮತ್ತು ಸುತ್ತಲಿನ ಕಾಡುಗಳಿಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರವಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ತರಗೆಲೆಯ ಮೇಲೆ ಕೂರಬೇಡಿ. ಕಾಡಿನಿಂದ ಬಂದ ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಗಾಡಿ ಮಗುಚಿದರೆ

ಗಿಡ್ಡ, ಎತ್ತರದ ಜೀಪು ಓರೆಯಾದ ಇಳಿಜಾರಿನಲ್ಲಿ ಸುಲಭವಾಗಿ ಮಗುಚುತ್ತದೆ. ವಾಲುತ್ತಿದೆ ಎನಿಸಿದಾಗ ಕೈಯನ್ನೋ ಕಾಲನ್ನೋ ಹೊರಗೆ ಚಾಚಿ ತಡೆಯಲು ಹೋಗುವುದು ಸಹಜ ಪ್ರವೃತ್ತಿ. ಸಾವಿರ ಕಿಲೋ ಭಾರದ ಗಾಡಿ ಆ ಕೈಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಕೈಕಾಲು ಒಳಗೇ ಇರಲಿ. ಹಳೆಯ ಜೀಪನ್ನು ಅಂದಗೊಳಿಸಲು ಸಾವಿರಾರು ರೂಪಾಯಿ ಸುರಿಯುವವರು ಮೊದಲು ಗಟ್ಟಿಯಾದ ಕಬ್ಬಿಣದ ಕೊಳವೆಯ ಪಂಜರ ಮತ್ತು ಎಲ್ಲ ಸೀಟಿಗೂ ಬೆಲ್ಟ್ ಹಾಕಿಸಲಿ. ಹಾರನ್ನು, ಲೈಟು ಆಮೇಲೆ.

ಬಿದ್ದವರನ್ನು ಕಂಡ ತಕ್ಷಣ ಒಬ್ಬರು ಕಂಕುಳಿಗೆ, ಒಬ್ಬರು ಕಾಲಿಗೆ ಕೈ ಹಾಕಿ ಎತ್ತುವುದು ನಮ್ಮ ಪದ್ಧತಿ. ಮನಸ್ಸು ಒಳ್ಳೆಯದೇ, ಆದರೆ ಮುರಿದ ಬೆನ್ನುಮೂಳೆ ಹೀಗೆ ಮಡಿಚಿದಾಗ ಒಳಗಿನ ಬೆನ್ನುಹುರಿಯನ್ನು ಕತ್ತರಿಸಬಲ್ಲದು. ನಡೆಯಬಲ್ಲವನಾಗಿ ಉಳಿಯಬೇಕಾದವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಎಂಜಿನ್ ಆರಿಸಿ, ಯಾರೂ ಬೆಂಕಿ ಕಡ್ಡಿ ಗೀರದಂತೆ ನೋಡಿಕೊಳ್ಳಿ. ಬೆಂಕಿಯ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಇದ್ದಲ್ಲೇ ಬಿಟ್ಟು, ಒಬ್ಬರು ತಲೆಯನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದುಕೊಳ್ಳಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಕಾಯಲು ಆಗದಿದ್ದರೆ ಹತ್ತಿರದ ಮನೆಯ ಬಾಗಿಲನ್ನೋ ಅಗಲವಾದ ಹಲಗೆಯನ್ನೋ ತರಿಸಿ. ನಾಲ್ಕೈದು ಜನ ಸೇರಿ ತಲೆ, ಹೆಗಲು, ಸೊಂಟ, ಕಾಲು ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ.

ಏಟು ಬಿದ್ದ ದಿನ ಏನೂ ಅನಿಸದೆ ಆಮೇಲೆ ತೊಂದರೆ ಕಾಣುವುದೂ ಉಂಟು. ಬೆನ್ನಿನ ನಟ್ಟನಡುವೆ ಒಂದೇ ಬಿಂದುವಿನಲ್ಲಿ ನೋವು, ಮಗ್ಗುಲು ಬದಲಿಸುವಾಗ, ಕೆಮ್ಮುವಾಗ ಹೆಚ್ಚುವ ನೋವು ಇದ್ದರೆ ತಿಕ್ಕಿಸುವ ಮುನ್ನ ಎಕ್ಸ್‌ರೇ ತೆಗೆಸಿ. ಕಾಲಿನಲ್ಲಿ ಶಕ್ತಿ ಕುಂದುವುದು, ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಿಮ್ಮ ವೈದ್ಯರು ಮಾತ್ರೆ ಬರೆದು ಕಳಿಸಲು ಹೊರಟರೆ, "ಡಾಕ್ಟ್ರೇ, ಬೆನ್ನು ಒಂದು ಸಲ ತಟ್ಟಿ ನೋಡಿ" ಎಂದು ಧೈರ್ಯವಾಗಿ ಕೇಳಿ. ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಆ ತಾಯಿಯ ಬೆನ್ನುಹುರಿಗೆ ಒತ್ತಡ ಬಿದ್ದಿರಲಿಲ್ಲ, ಅದೊಂದು ಪುಣ್ಯ. ಮೂರು ತಿಂಗಳು ಬೆಲ್ಟ್ ಕಟ್ಟಿಕೊಂಡರು. ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದಾಗ ಬಹಳ ಕಡಿಮೆಯಿತ್ತು, ಅದಕ್ಕೆ ಚಿಕಿತ್ಸೆ ನಡೆದಿದೆ. ಎತ್ತರ ಎರಡು ಸೆಂಟಿಮೀಟರ್ ಕುಗ್ಗಿದೆ. ಕಳೆದ ತಿಂಗಳು ಬಂದಾಗ, "ಜೀಪು ಹತ್ತಬೇಡ ಅಂತೀರಿ. ತವರುಮನೆಗೆ ಬಸ್ಸು ನಿಲ್ಲೋದು ಕೈಮರದ ಹತ್ರ, ಅಲ್ಲಿಂದ ಮೂರು ಮೈಲಿ ಕಲ್ಲು ದಾರಿ. ಅಣ್ಣನ ನೋಡಬೇಕು ಅಂದ್ರೆ ಹೇಗೆ ಹೋಗ್ಲಿ ಡಾಕ್ಟ್ರೇ?" ಎಂದರು. ಮಗ ಪಕ್ಕದಲ್ಲೇ ನಿಂತಿದ್ದ. ಹಿಂದಿನ ಅಡ್ಡ ಬೆಂಚು ಕಿತ್ತು ಹಾಕಿಸಿದ್ದೇನೆ, ಮುಂದಿನ ಸೀಟಿಗೆ ಬೆಲ್ಟ್ ಹಾಕಿಸಿದ್ದೇನೆ ಎಂದ. ಫಸ್ಟ್ ಗೇರಿನಲ್ಲೇ ಹೋಗು, ಕೊರಕಲು ಬಂದಲ್ಲಿ ಅಮ್ಮನನ್ನು ಇಳಿಸಿ ಕೈಹಿಡಿದು ನಡೆಸು ಎಂದು ಹೇಳಿ ಕಳಿಸಿದೆ. ಮೂರು ಮೈಲಿಗೆ ಒಂದೂಕಾಲು ಗಂಟೆ ಹಿಡಿಯಿತಂತೆ.